ಎಲೆ ಉದುರಿದ ಕಾಡಿಗೆ ಮನೆಮಂದಿಯನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಡೆಂಕಣಿಕೋಟೆ ಕಡೆಯವರು. ನಾನು ಕನ್ನಡ ಶಾಲೆಯಲ್ಲಿ ಟೀಚರ್. ಮಾರ್ಚ್ ಎರಡನೇ ವಾರ ಮೂರು ದಿನ ಮುದುಮಲೆಗೆ ಹೋಗಬೇಕು ಅಂತಿದ್ದೇವೆ. ನಾನು, ನಮ್ಮ ಮನೆಯವರು, 11 ವರ್ಷದ ಮಗಳು, 68 ವರ್ಷದ ಮಾವ. ಮಾವನವರಿಗೆ ಮಂಡಿ ನೋವಿದೆ. ಮಗಳಿಗೆ ಹುಲಿ ನೋಡುವ ಆಸೆ, ಕಾಡಿನಲ್ಲಿ ನಡೆಯುವ ಆಸೆ. ಪಕ್ಕದ ಮನೆಯವರು "ಮಾರ್ಚಲ್ಲಿ ಎಲ್ಲಾ ಒಣಗಿ ಸತ್ತಿರುತ್ತೆ, ಒಂದು ಪ್ರಾಣಿನೂ ಕಾಣಲ್ಲ" ಅಂತಾರೆ. ಮಸಿನಗುಡಿಯ ಒಂದು ಲಾಡ್ಜ್‌ನವರು "ರಾತ್ರಿ ಜೀಪಲ್ಲಿ ಸುತ್ತಿಸ್ತೀವಿ, ಬೆಳಿಗ್ಗೆ ಹೊಳೆ ತನಕ ನಡೆಸಿಕೊಂಡು ಹೋಗ್ತೀವಿ, ಪರ್ಮಿಷನ್ ನಾವು ನೋಡ್ಕೋತೀವಿ" ಅಂದರು. ಆನೆ ಬಂದರೆ ಇಳಿಜಾರಿಗೆ ಓಡಿದರೆ ಸಾಕು ಅಂತ ಮಾವನವರು ಧೈರ್ಯ ಹೇಳುತ್ತಾರೆ. ಮಂಗನ ಕಾಯಿಲೆಯ ಭಯವೂ ಇದೆ. ಹೋಗೋದಾ, ಬಿಡೋದಾ?

ಉತ್ತರ: ಹೋಗಿ. ಆದರೆ ಲಾಡ್ಜ್‌ನವರು ಹೇಳಿದ ಎರಡನ್ನೂ ಬೇಡ ಅನ್ನಿ. ರಾತ್ರಿ ಜೀಪೂ ಬೇಡ, ಹೊಳೆ ತನಕದ ನಡಿಗೆಯೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಎರಡು ಆಸೆ ಕಾಣುತ್ತಿವೆ. ಒಂದು ಪ್ರಾಣಿ ನೋಡುವುದು. ಇನ್ನೊಂದು ಕಾಡಿನಲ್ಲಿ ಕಾಲಿಟ್ಟು ನಡೆಯುವುದು. ಎರಡನ್ನೂ ಒಂದೇ ಜಾಗದಲ್ಲಿ, ಒಂದೇ ದಿನ ತೀರಿಸಿಕೊಳ್ಳಲು ಹೊರಟಾಗಲೇ ಜನ ತೊಂದರೆಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ತಾಳವಾಡಿಯಲ್ಲಿದ್ದುಕೊಂಡು ಸತ್ಯಮಂಗಲ, ಸಿಗೂರು, ಮುದುಮಲೆ ಕಾಡುಗಳಲ್ಲಿ ಆನೆ ಓಡಾಡುವ ದಾರಿಗಳ ಲೆಕ್ಕ ಇಡುವ ಕೆಲಸ ಮಾಡುತ್ತಿದ್ದೇನೆ. ಕೆಲಸ ಅಂತ ನಡೆಯುವ ನಾವೇ ಈ ಕಾಡಿನಲ್ಲಿ ದಿನಾ ಹೆದರಿಕೊಂಡೇ ನಡೆಯುತ್ತೇವೆ.

ಮೊದಲು ಪಕ್ಕದ ಮನೆಯವರ ಮಾತು. ಎಲೆ ಉದುರಿದ ಕಾಡು ಸತ್ತ ಕಾಡು ಅಲ್ಲ. ಅದು ನೀರು ಉಳಿಸುತ್ತಿರುವ ಕಾಡು. ಮರ ನೀರು ಕಳೆದುಕೊಳ್ಳುವುದು ಹೆಚ್ಚಾಗಿ ಎಲೆಯಿಂದ. ಡಿಸೆಂಬರ್ ದಾಟಿ ಮಣ್ಣು ಒಣಗತೊಡಗಿದಾಗ ತೇಗ, ದಿಂಡಿಗ, ಮತ್ತಿ, ಹೊನ್ನೆ ಒಂದೊಂದಾಗಿ ಎಲೆ ಬಿಡುತ್ತವೆ. ಆದರೆ ಮರದೊಳಗೆ ಕೆಲಸ ನಿಲ್ಲುವುದಿಲ್ಲ. ಬೂರುಗ, ಮುತ್ತುಗ ಹೂ ಬಿಡುವುದೇ ಮೈಮೇಲೆ ಎಲೆ ಇಲ್ಲದಾಗ. ಮಾರ್ಚಿನಲ್ಲಿ ಬೂದುಬಣ್ಣದ ಕಾಡಿನ ನಡುವೆ ಮುತ್ತುಗದ ಮರವೊಂದು ಕೆಂಡದ ಹಾಗೆ ನಿಂತಿರುತ್ತದೆ. ಮೈನಾ, ಗಿಳಿ, ಅಳಿಲು, ಮುಸುವ ಎಲ್ಲವೂ ಅದರ ಮೇಲೆ ಇರುತ್ತವೆ. ಎಷ್ಟೋ ಮರಗಳು ಮಳೆಗೆ ಕಾಯದೆ ಏಪ್ರಿಲ್ ಬಿಸಿಲಿನಲ್ಲೇ ಚಿಗುರುತ್ತವೆ. ಬೇರು ಆಳಕ್ಕೆ ಇಳಿದಿರುತ್ತದೆ, ಕಾಂಡದಲ್ಲಿ ನೀರು ಇಟ್ಟುಕೊಂಡಿರುತ್ತವೆ. ಮತ್ತಿ ಮರವನ್ನು ಮಗಳಿಗೆ ತೋರಿಸಿ. ಅದರ ತೊಗಟೆ ಥೇಟ್ ಮೊಸಳೆಯ ಬೆನ್ನು. ಆ ದಪ್ಪ ತೊಗಟೆ ಇರುವುದರಿಂದಲೇ ನೆಲದ ಮೇಲೆ ಬೆಂಕಿ ಹರಿದು ಹೋದರೂ ಒಳಗಿನ ಮರ ಉಳಿಯುತ್ತದೆ. ಕೆಲವು ಮತ್ತಿ ಮರಗಳ ಕಾಂಡದಲ್ಲಿ ನೀರು ತುಂಬಿಕೊಂಡು ಹೊಟ್ಟೆ ಬಂದ ಹಾಗೆ ಉಬ್ಬಿರುತ್ತದೆ. ಆ ಉಬ್ಬು ಎಲ್ಲಿರುತ್ತದೆ ಅಂತ ಕಾಡಿನ ಜನಕ್ಕೆ ಗೊತ್ತು.

ಇನ್ನೊಂದು ಮಾತು. ಮುದುಮಲೆ ಅಂದರೆ ಒಂದೇ ಥರದ ಕಾಡಲ್ಲ. ಪಶ್ಚಿಮಕ್ಕೆ ಗೂಡಲೂರು ದಿಕ್ಕಿನಲ್ಲಿ ವರ್ಷಕ್ಕೆ ಸುಮಾರು 1,800 ಮಿಲಿಮೀಟರ್ ಮಳೆ ಬೀಳುತ್ತದೆ. ಪೂರ್ವಕ್ಕೆ ಮೋಯಾರ್ ಕಡೆ ಹೋದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಮುಂಗಾರಿನ ಮೋಡ ಬೆಟ್ಟದ ಆಚೆಯೇ ಖಾಲಿಯಾಗಿ ಬಿಡುತ್ತದೆ. ಹಾಗಾಗಿ ಗಾಡಿಯಲ್ಲಿ ಒಂದು ಗಂಟೆ ಹೋಗುವಷ್ಟರಲ್ಲಿ ಎತ್ತರದ ತೇಗ, ನಂದಿ, ಬಿದಿರಿನ ಕಾಡು ಮುಗಿದು ಕುಳ್ಳು ಮುಳ್ಳುಪೊದೆಯ ಕಾಡು ಶುರುವಾಗುತ್ತದೆ. "ಮುದುಮಲೆಗೆ ಹೋದೆ, ಬರೀ ಮುಳ್ಳು" ಅನ್ನುವವರು, "ಎಷ್ಟು ಹಸಿರು ಗೊತ್ತಾ" ಅನ್ನುವವರು, ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇನ್ನು ಪ್ರಾಣಿ ಕಾಣುವ ವಿಷಯ. ಇಲ್ಲಿ ನಿಮ್ಮ ನೆರೆಯವರ ಮಾತು ಪೂರ್ತಿ ತಿರುಗುಮುರುಗು. ಮಳೆಗಾಲದಲ್ಲಿ ಹಳ್ಳಕೊಳ್ಳ ಎಲ್ಲಾ ಕಡೆ ನೀರು, ಎಲ್ಲಾ ಕಡೆ ಮೇವು. ಪ್ರಾಣಿಗಳು ಹರಡಿಹೋಗುತ್ತವೆ. ಹುಲ್ಲು ಎದೆಯುದ್ದ ಬೆಳೆದು ಹತ್ತು ಅಡಿ ದೂರದ ಕಾಟಿಯೂ ಕಾಣುವುದಿಲ್ಲ. ಫೆಬ್ರವರಿ ಹೊತ್ತಿಗೆ ನೀರು ಮೋಯಾರ್ ಹೊಳೆಯಲ್ಲಿ, ಕೆಲವು ಕೆರೆಗಳಲ್ಲಿ, ಅರಣ್ಯ ಇಲಾಖೆ ತುಂಬಿಸುವ ತೊಟ್ಟಿಗಳಲ್ಲಿ ಮಾತ್ರ. ದೊಡ್ಡ ಆನೆ ದಿನಕ್ಕೆ ನೂರು ಲೀಟರಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ಅದು ನೀರು ಬಿಟ್ಟು ದೂರ ಹೋಗಲಾರದು. ಎಲೆ ಉದುರಿರುವುದರಿಂದ ನಿಮ್ಮ ಕಣ್ಣೂ ದೂರ ಹೋಗುತ್ತದೆ. ಜಿಂಕೆ, ಕಡವೆ, ಕಾಟಿ, ಆನೆ, ಅದೃಷ್ಟ ಇದ್ದರೆ ಸೀಳುನಾಯಿ ಗುಂಪು, ಇವಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲವೇ.

ಆದರೆ ಒಂದು ತೊಡಕಿದೆ. ಇದೇ ಕಾಲ ಬೆಂಕಿಯ ಕಾಲ. ನಮ್ಮ ಒಣಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಇಲ್ಲವೇ ಇಲ್ಲ ಅನ್ನಬಹುದು. ಹಚ್ಚುವುದು ಮನುಷ್ಯರೇ. ಒಂದು ಬೀಡಿ ತುಂಡು ಸಾಕು. 2019ರ ಫೆಬ್ರವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಬೆಂಕಿ ಜಾಸ್ತಿಯಾದ ವರ್ಷ ಸಫಾರಿಯನ್ನೇ ನಿಲ್ಲಿಸುತ್ತಾರೆ. ಮಾರ್ಚಿಗೆ ಹೋಗುವುದೇ ಆದರೆ ಹೊರಡುವ ಎರಡು ದಿನ ಮೊದಲು, ಮುದುಮಲೆಯಲ್ಲಿ ಸಫಾರಿ ಹೊರಡುವ ತೆಪ್ಪಕಾಡಿನ ಇಲಾಖೆ ಕಚೇರಿಗೆ ಫೋನ್ ಮಾಡಿ ಕೇಳಿ. ರೂಮಿಗೆ ಮುಂಗಡ ಕೊಡುವಾಗ ವಾಪಸ್ ಕೊಡುತ್ತಾರಾ ಅಂತಲೂ ಕೇಳಿಟ್ಟುಕೊಳ್ಳಿ.

ಹುಲಿ ಬಗ್ಗೆ ಮಗಳಿಗೆ ಮೊದಲೇ ಹೇಳಿಬಿಡಿ, ಕಾಣದೇ ಇರಬಹುದು ಅಂತ. 2022ರ ಗಣತಿಯಲ್ಲಿ ಮುದುಮಲೆ ಹುಲಿ ಮೀಸಲಿನೊಳಗೆ 114 ಹುಲಿ ಅಂದಾಜು ಸಿಕ್ಕಿತು. ಮೀಸಲು 688 ಚದರ ಕಿಲೋಮೀಟರ್. ಹುಲಿ ಹಗಲು ನೆರಳಲ್ಲಿ ಮಲಗುವ ಪ್ರಾಣಿ. ನಿಮ್ಮ ವ್ಯಾನ್ ಹೋಗುವುದು ಅದರಲ್ಲಿ ಒಂದು ಚೂರು ರಸ್ತೆಯಲ್ಲಿ. ನಾನು ಎಷ್ಟೋ ಸಲ ವಾರಗಟ್ಟಲೆ ಕಾಡಿನಲ್ಲಿದ್ದು ಹೆಜ್ಜೆ ಮಾತ್ರ ನೋಡಿ ಬಂದಿದ್ದೇನೆ. ಅದಕ್ಕೆ ಮಕ್ಕಳಿಗೆ ನಾನು ಕಣ್ಣಿಗಿಂತ ಕಿವಿಗೆ ಕೆಲಸ ಕೊಡುತ್ತೇನೆ. ಮುಸುವ ಮರದ ತುದಿಯಿಂದ ಒರಟಾಗಿ ಕೆಮ್ಮಿದ ಹಾಗೆ ಕೂಗಿದರೆ, ಜಿಂಕೆ ಬಾಲ ಎತ್ತಿ ಚೂಪಾಗಿ ಕೂಗಿದರೆ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದರೆ, ಅಲ್ಲಿ ಹುಲಿಯೋ ಚಿರತೆಯೋ ಇದೆ. ಕಡವೆ ಕೂಗಿದರಂತೂ ನಾವು ಮಾತು ನಿಲ್ಲಿಸಿಬಿಡುತ್ತೇವೆ. ಅದು ಸುಮ್ಸುಮ್ನೆ ಕೂಗುವ ಪ್ರಾಣಿಯಲ್ಲ.

ಸಾಧ್ಯವಾದರೆ ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಆಕಾಶವನ್ನೂ ನೋಡಿ. ನೆಲ ಕಾದು ಗಾಳಿ ಮೇಲಕ್ಕೇಳುವ ಹೊತ್ತು ಅದು. ರಣಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುತ್ತವೆ. ಒಂದು ಕಾಲದಲ್ಲಿ ಪ್ರತಿ ಊರಿನಲ್ಲೂ ಇದ್ದವು, ನಿಮ್ಮ ಮಾವನವರು ನೋಡಿರಬಹುದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ಔಷಧ, ಸತ್ತ ದನದ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. ದೇಶದ ತುಂಬ ರಣಹದ್ದು ಸತ್ತವು. 2006ರಲ್ಲಿ ಆ ಔಷಧವನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ದಕ್ಷಿಣದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಇನ್ನೂ ಗುಂಪಾಗಿ ಗೂಡು ಕಟ್ಟುವ ದೊಡ್ಡ ಜಾಗ ಈ ಮೋಯಾರ್, ಸಿಗೂರು ಕಣಿವೆ. ಹೊಳೆದಂಡೆಯ ಹೊಳೆಮತ್ತಿ ಮರಗಳ ಮೇಲೆ ಗೂಡುಗಳಿವೆ. ಹುಲಿ ಕಂಡ ದಿನಕ್ಕಿಂತ ಗೂಡಿನಲ್ಲಿ ಮರಿ ಕಂಡ ದಿನ ನನಗೆ ಹೆಚ್ಚು ಖುಷಿ.

ಈಗ ನಡಿಗೆಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಮಾರ್ಚ್ ಬೆಳಿಗ್ಗೆ ಸಿಗೂರಿನ ಕಡೆ ಒಬ್ಬ ಇರುಳಿಗ ಅಣ್ಣನ ಜೊತೆ ನಡೆಯುತ್ತಿದ್ದೆ. ಅವರು ಹುಟ್ಟಿದ್ದೇ ಆ ಕಾಡಿನಲ್ಲಿ. ದಾರಿಯಲ್ಲಿ ಲದ್ದಿ ಬಿದ್ದಿತ್ತು. ಅವರು ಬಗ್ಗಿ ಅಂಗೈ ಒಳಗೆ ತೂರಿಸಿದರು. ಬೆಚ್ಚಗಿತ್ತು. ಪಕ್ಕದಲ್ಲಿ ಮುರಿದ ಕೊಂಬೆಯ ತುದಿ ಇನ್ನೂ ಒದ್ದೆ. ಅವರು ಒಂದು ಚಿಟಿಕೆ ಮಣ್ಣು ಎತ್ತಿ ಗಾಳಿಗೆ ಬಿಟ್ಟರು. ಪುಡಿ ನಮ್ಮಿಂದ ಮುಂದಕ್ಕೆ ಹೋಯಿತು. ನಮ್ಮ ವಾಸನೆ ಮುಂದೆ ಹೋಗುತ್ತಿದೆ ಅಂತ ಅರ್ಥ. ನನ್ನ ತೋಳು ಹಿಡಿದು ನಿಲ್ಲಿಸಿದರು. ನನಗೆ ಏನೂ ಕಾಣಲಿಲ್ಲ, ಬರೀ ಲಂಟಾನ ಪೊದೆ. ಆಮೇಲೆ ಪೊದೆಯ ನಡುವೆ ಬಂಡೆ ಅಂದುಕೊಂಡಿದ್ದು ಕಿವಿ ಬೀಸಿತು. ಇಪ್ಪತ್ತು ಹೆಜ್ಜೆ ಇರಬಹುದು. ಎರಡು ಆನೆ, ನಡುವೆ ಒಂದು ಮರಿ. ಒಂದು ಕಡ್ಡಿ ಮುರಿದ ಸದ್ದೂ ಇರಲಿಲ್ಲ. ನಾವು ಬೆನ್ನು ತಿರುಗಿಸದೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬಂದೆವು. ಆ ಅಣ್ಣ ಇಲ್ಲದಿದ್ದರೆ ನಾನು ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗಿರುತ್ತಿದ್ದೆ.

ಮರಗಳು ಬೋಳಾಗಿವೆ, ಎಲ್ಲಾ ಕಾಣುತ್ತೆ ಅಂತ ನಂಬುವವರು ಮರೆಯುವುದು ಈ ಲಂಟಾನವನ್ನು. ಅಂಗಳದ ಚಂದಕ್ಕೆ ಅಂತ ಬ್ರಿಟಿಷರ ಕಾಲದಲ್ಲಿ ಹೊರದೇಶದಿಂದ ತಂದ ಗಿಡ. ಈಗ ಆಳೆತ್ತರಕ್ಕೆ ಹೆಣೆದುಕೊಂಡು ಹುಲ್ಲನ್ನು ನುಂಗಿ ಕಾಡಿನ ನೆಲ ತುಂಬಿದೆ. ಆನೆ ಅದರೊಳಗೆ ನಿಂತರೆ ಇಲ್ಲ ಅಂತಲೇ ಲೆಕ್ಕ. (ಗೂಡಲೂರು ಕಡೆಯ ಆದಿವಾಸಿ ಕುಟುಂಬಗಳು ಇದೇ ಲಂಟಾನ ಕಡ್ಡಿಯಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಹೆಣೆಯುತ್ತಾರೆ. ಎಲ್ಲಾದರೂ ಕಂಡರೆ ನಿಂತು ನೋಡಿ.)

ಮಾವನವರ ಇಳಿಜಾರಿನ ಮಾತು ನಮ್ಮ ಕಡೆಯೂ ಇದೆ. ದಯವಿಟ್ಟು ನಂಬಬೇಡಿ. ಆನೆ ಇಳಿಜಾರು ಇಳಿಯುತ್ತದೆ, ಚೆನ್ನಾಗಿಯೇ ಇಳಿಯುತ್ತದೆ. ಇಡೀ ಹಿಂಡು ರಾತ್ರೋರಾತ್ರಿ ಬೆಟ್ಟ ಇಳಿದು ರಾಗಿ ಹೊಲಕ್ಕೆ ಬರುವುದನ್ನು ಜವಳಗಿರಿ, ತಳಿ ಕಡೆಯವರಾದ ನಿಮಗೆ ನಾನು ಹೇಳಬೇಕಾ? ಓಡುವಾಗ ಅದರ ವೇಗ ಗಂಟೆಗೆ 25 ಕಿಲೋಮೀಟರ್ ಸುಮಾರು. ಮುಳ್ಳು ಅದಕ್ಕೆ ಲೆಕ್ಕಕ್ಕಿಲ್ಲ. ಮಂಡಿ ನೋವಿನ 68 ವರ್ಷದವರು, 11 ವರ್ಷದ ಹುಡುಗಿ ಎಲ್ಲಿಗೆ ಓಡುತ್ತಾರೆ? ಅಂಕುಡೊಂಕಾಗಿ ಓಡಬೇಕು ಅನ್ನುವುದೂ ಅಷ್ಟೇ. ಆನೆಯಿಂದ ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ಮೊದಲೇ ದೂರ ಇರುವುದು.

ಅದಕ್ಕೇ ಹುಲಿ ಮೀಸಲಿನ ಒಳಭಾಗದಲ್ಲಿ ಪ್ರವಾಸಿಗಳು ನಡೆಯುವುದಕ್ಕೆ ಅನುಮತಿ ಇಲ್ಲ. ಲಾಡ್ಜ್‌ನವರು "ನಾವು ನೋಡ್ಕೋತೀವಿ" ಅಂದರೆ ಅನುಮತಿ ಇಲ್ಲ ಅಂತಲೇ ತಿಳಿಯಿರಿ. ಅನುಮತಿ ಇರುವವರು ಚೀಟಿ ತೋರಿಸುತ್ತಾರೆ. ಸಿಕ್ಕಿಬಿದ್ದರೆ ಅರಣ್ಯ ಕಾನೂನಿನ ಕೇಸು ನಿಮ್ಮ ಮೇಲೂ ಬೀಳುತ್ತದೆ.

ರಾತ್ರಿ ಜೀಪಿನ ಕಥೆ ಇನ್ನೂ ಕೆಟ್ಟದ್ದು. ಮುದುಮಲೆಯಲ್ಲಿ ಇಲಾಖೆಯ ಸಫಾರಿ ಹಗಲು ಮಾತ್ರ, ಬೆಳಿಗ್ಗೆ ಮತ್ತು ಸಂಜೆ. ರಾತ್ರಿ ಸಫಾರಿ ಅಂತ ಒಂದು ಇಲ್ಲ. ಲೈಟ್ ಹಾಕಿಕೊಂಡು ಕಚ್ಚಾ ರಸ್ತೆಗಳಲ್ಲಿ ಸುತ್ತುವುದು, ನೀರಿಗೆ ಹೋಗುವ ಆನೆಗಳ ದಾರಿಗೆ ಅಡ್ಡ ನಿಲ್ಲುವುದು, ಇಷ್ಟೇ ಅದು. ಮಸಿನಗುಡಿ ಇರುವುದೇ ಆನೆ ದಾರಿಯ ನಡುವೆ. ಪಶ್ಚಿಮ ಘಟ್ಟದ ಆನೆಗಳು ಪೂರ್ವ ಘಟ್ಟದ ಕಡೆ ಓಡಾಡಲು ನೀಲಗಿರಿ ಬೆಟ್ಟದ ಗೋಡೆಗೂ ಮೋಯಾರ್ ಕಂದರಕ್ಕೂ ನಡುವಿನ ಇದೊಂದು ಪಟ್ಟಿಯನ್ನೇ ನಂಬಿವೆ. ಈ ದಾರಿಯನ್ನು ಉಳಿಸಬೇಕು ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅಲ್ಲಿನ ರೆಸಾರ್ಟ್‌ಗಳು ತೆರವಾಗಬೇಕು ಅಂತ ಮದ್ರಾಸ್ ಹೈಕೋರ್ಟ್ ಕೊಟ್ಟಿದ್ದ ತೀರ್ಪನ್ನು ಎತ್ತಿಹಿಡಿಯಿತು. ಅದಾಗಿ ಮೂರು ತಿಂಗಳಿಗೆ, 2021ರ ಜನವರಿಯಲ್ಲಿ, ಅದೇ ಮಸಿನಗುಡಿಯಲ್ಲಿ ಒಂದು ಆನೆಯನ್ನು ಓಡಿಸಲು ಅದರ ತಲೆಗೆ ಉರಿಯುವ ಬಟ್ಟೆ ಟೈರು ಎಸೆದರು. ಕಿವಿ ಸುಟ್ಟು ಆ ಆನೆ ಸತ್ತಿತು. ಆ ವಿಡಿಯೋ ನಾನು ಒಂದೇ ಸಲ ನೋಡಿದ್ದು. ಇನ್ನೊಮ್ಮೆ ನೋಡಲು ಆಗಲಿಲ್ಲ. ಮನುಷ್ಯರನ್ನು ಕಂಡು ಹೆದರಿ, ರೇಗಿ ಇರುವ ಆನೆಗಳ ನಡುವೆ ಕತ್ತಲಲ್ಲಿ ಮಗುವನ್ನು ಕೂರಿಸಿಕೊಂಡು ಹೋಗಬೇಡಿ. ರೂಮ್ ಬುಕ್ ಮಾಡುವಾಗಲೂ ಇಲಾಖೆಯ ವಸತಿಗೃಹ ಸಿಗುತ್ತಾ ಅಂತ ಮೊದಲು ನೋಡಿ.

ಸ್ವಂತ ಕಾರಿನಲ್ಲಿ ಹೋಗುವಾಗ ರಸ್ತೆಯಲ್ಲೇ ಆನೆ ಸಿಗಬಹುದು. ದೂರದಲ್ಲೇ ನಿಲ್ಲಿಸಿ. ಎಂಜಿನ್ ಆರಿಸಬೇಡಿ, ಹಾರ್ನ್ ಬೇಡ, ಇಳಿಯುವುದಂತೂ ಬೇಡವೇ ಬೇಡ. ಅದು ತಿನ್ನುವುದನ್ನು ನಿಲ್ಲಿಸಿ, ಕಿವಿ ಅಗಲಿಸಿ ನಿಮ್ಮ ಕಡೆ ತಿರುಗಿತು ಅಂದರೆ ನೀವು ಹತ್ತಿರ ಬಂದಿದ್ದು ಜಾಸ್ತಿಯಾಯಿತು ಅಂತ. ನಿಧಾನಕ್ಕೆ ಹಿಂದಕ್ಕೆ ತೆಗೆಯಿರಿ. ಮರಿ ರಸ್ತೆ ದಾಟಿದ ಕೂಡಲೇ ಹೊರಡಬೇಡಿ, ಹಿಂದೆ ಇನ್ನೂ ಇರುತ್ತವೆ.

ಮಂಗನ ಕಾಯಿಲೆಯ ಭಯ ಸುಳ್ಳಲ್ಲ, ಆದರೆ ಅದಕ್ಕಾಗಿ ಪ್ರವಾಸ ಬಿಡಬೇಕಿಲ್ಲ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. 2012-13ರ ಹೊತ್ತಿಗೆ ಬಂಡೀಪುರ, ನೀಲಗಿರಿ ಕಡೆಯ ಸತ್ತ ಮಂಗಗಳಲ್ಲೂ ವೈರಸ್ ಸಿಕ್ಕಿತು. ಮಂಗ ಮುಟ್ಟಿದರೆ ಬರುತ್ತೆ ಅಂತ ಜನ ತಿಳಿದಿದ್ದಾರೆ. ಹೆಚ್ಚಾಗಿ ಹರಡುವುದು ಉಣ್ಣೆ ಕಚ್ಚುವುದರಿಂದ. ಸಾಸಿವೆಗಿಂತ ಸಣ್ಣ ಮರಿ ಉಣ್ಣೆಗಳು ಒಣಗಾಲದಲ್ಲೇ ತರಗೆಲೆಯ ಮೇಲೆ ಜಾಸ್ತಿ. ವ್ಯಾನಿನಲ್ಲಿ ಕೂತವರಿಗೆ ಅಪಾಯ ತೀರಾ ಕಡಿಮೆ. ನೆಲದ ಮೇಲೆ ನಡೆಯುವ ದಿನ ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಸಾಕ್ಸಿನೊಳಗೆ ತೂರಿಸಿ, ತರಗೆಲೆ ಮೇಲೆ ಕೂರಬೇಡಿ. ವಾಪಸ್ ಬಂದು ಬಟ್ಟೆ ಬಿಸಿನೀರಿಗೆ ಹಾಕಿ, ಮೈ ಪೂರ್ತಿ ನೋಡಿಕೊಳ್ಳಿ. ಮಂಡಿ ಹಿಂಭಾಗ, ಸೊಂಟ, ಕಂಕುಳು, ಕಿವಿ ಹಿಂದೆ. ಉಣ್ಣೆ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲಾ ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಯವರಿಗೆ ತಿಳಿಸಿ. ಊರಿಗೆ ಬಂದ ಹತ್ತು ದಿನದೊಳಗೆ ಜೋರು ಜ್ವರ ಬಂದರೆ ಡಾಕ್ಟರಿಗೆ ಇಂಥ ಕಾಡಿಗೆ ಹೋಗಿದ್ದೆವು ಅಂತ ಬಾಯಿಬಿಟ್ಟು ಹೇಳಿ. ಇದನ್ನು ಹೇಳದೇ ಎಷ್ಟೋ ಜನ ದಿನ ಕಳೆಯುತ್ತಾರೆ.

ಹಾಗಾದರೆ ಏನು ಮಾಡಬಹುದು? ಮಾರ್ಚೇ ಆಗಬೇಕು ಅಂದರೆ ಇದನ್ನು ಪ್ರಾಣಿ ನೋಡುವ ಪ್ರವಾಸ ಮಾತ್ರ ಮಾಡಿ. ತೆಪ್ಪಕಾಡಿನಲ್ಲಿ ಇಲಾಖೆಯ ವ್ಯಾನಿನಲ್ಲಿ ಒಂದು ಬೆಳಿಗ್ಗೆ, ಒಂದು ಸಂಜೆ. ಒಂದೇ ಸಲ ಹೋಗಿ ಏನೂ ಕಾಣಲಿಲ್ಲ ಅಂತ ಬೇಜಾರಾಗಬೇಡಿ. ನಡುವೆ ಆನೆ ಶಿಬಿರ. ಬೇಯಿಸಿದ ರಾಗಿ, ಹುರುಳಿಯ ದೊಡ್ಡ ದೊಡ್ಡ ಮುದ್ದೆಗಳನ್ನು ಮಾವುತರು, ಕಾವಾಡಿಗಳು ಆನೆಯ ಬಾಯೊಳಗೇ ಇಡುತ್ತಾರೆ. ಮಾವನವರು ಅಲ್ಲಿ ಆರಾಮಾಗಿ ನಿಂತು ನೋಡಬಹುದು. ಈ ಪ್ರವಾಸದಲ್ಲಿ ಅಪಾಯ ಕಡಿಮೆ. ಬೆಂಕಿಯಿಂದ ಸಫಾರಿ ರದ್ದಾದರೆ ಮಾತ್ರ ನಿರಾಸೆ.

ಮಗಳ ನಡಿಗೆಗೆ ಬೇರೆ ಜಾಗ ಇದೆ. 2018ರ ಮಾರ್ಚಿನಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಒಣಹುಲ್ಲಿನ ಬೆಂಕಿ ಏರಿನಲ್ಲಿ ಮನುಷ್ಯರಿಗಿಂತ ಬೇಗ ಹತ್ತುತ್ತದೆ. ಅದಾದ ಮೇಲೆ ತಮಿಳುನಾಡು ಚಾರಣಕ್ಕೆ ನಿಯಮ ತಂದಿತು. 2024ರ ಅಕ್ಟೋಬರ್‌ನಿಂದ 'ಟ್ರೆಕ್ ತಮಿಳುನಾಡು' ಅಂತ 14 ಜಿಲ್ಲೆಗಳಲ್ಲಿ 40 ಹಾದಿಗಳನ್ನು ಸರ್ಕಾರವೇ ತೆರೆದಿದೆ. ಸುಲಭ, ಮಧ್ಯಮ, ಕಷ್ಟ ಅಂತ ವಿಂಗಡಿಸಿದ್ದಾರೆ. ಸ್ಥಳೀಯರೇ, ಹೆಚ್ಚಿನ ಕಡೆ ಕಾಡಿನ ಜನರೇ, ಜೊತೆಗೆ ಬರುತ್ತಾರೆ. ಊಟಿಯ ಕೇರ್ನ್ ಹಿಲ್, ಕೋಟಗಿರಿ ಹತ್ತಿರದ ಲಾಂಗ್‌ವುಡ್ ಶೋಲಾ ಮಕ್ಕಳಿಗೆ ಒಗ್ಗುವ ನಡಿಗೆ. ಇವು ಒಣಕಾಡಲ್ಲ, ತಂಪು ಬೆಟ್ಟದ ಕಾಡು. ಬೆಂಕಿಯ ತಿಂಗಳುಗಳಲ್ಲಿ ಈ ಹಾದಿಗಳನ್ನೂ ಮುಚ್ಚುತ್ತಾರೆ. ನಿಮ್ಮ ಮಾರ್ಚ್ ಅದರಲ್ಲೇ ಬರುತ್ತದೆ.

ನನ್ನನ್ನು ಕೇಳಿದರೆ ಪ್ರವಾಸವನ್ನು ಜನವರಿ ಕೊನೆಗೆ ಇಟ್ಟುಕೊಳ್ಳಿ. ಪೊಂಗಲ್ ರಜೆಯ ಜನಜಂಗುಳಿ ಇಳಿದಿರುತ್ತದೆ, ಹುಲ್ಲು ಒಣಗಿ ಬಾಗಿರುತ್ತದೆ, ಬೆಂಕಿಯ ಕಾಲ ಇನ್ನೂ ಬಂದಿರುವುದಿಲ್ಲ. ಬೆಳಿಗ್ಗೆ ಚಳಿ ಚೆನ್ನಾಗಿಯೇ ಇರುತ್ತದೆ, ಸ್ವೆಟರ್ ಬೇಕು. ಎರಡು ದಿನ ತೆಪ್ಪಕಾಡು, ಮೂರನೇ ದಿನ ಮೇಲೆ ಊಟಿ ಕಡೆ ಹೋಗಿ ಒಂದು ಸುಲಭದ ನಡಿಗೆ. ಮುತ್ತುಗದ ಹೂ ಮಾತ್ರ ಆಗ ಇನ್ನೂ ಮೊಗ್ಗಾಗಿರಬಹುದು.

ನಿಮ್ಮ ಗಾಡಿ ತಮಿಳುನಾಡಿನದೇ ಆದರೂ ನೀಲಗಿರಿಗೆ ಇ-ಪಾಸ್ ಬೇಕು, 2024ರ ಮೇ ತಿಂಗಳಿಂದ ಹಾಗಿದೆ. ಗುಂಡ್ಲುಪೇಟೆ, ಬಂಡೀಪುರದ ಮೇಲೆ ಬಂದರೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಕಾಡಿನ ರಸ್ತೆ ಬಂದ್. ಸತ್ಯಮಂಗಲದ ಮೇಲೆ ಬಂದರೆ 27 ತಿರುವಿನ ದಿಂಬಂ ಘಾಟಿಯಲ್ಲೂ ಕಾರುಗಳಿಗೆ ಅದೇ ಹೊತ್ತು. ಎರಡೂ ಕಡೆ ಹಗಲಲ್ಲೇ ದಾಟುವ ಹಾಗೆ ಹೊರಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಚೆಕ್‌ಪೋಸ್ಟಿನಲ್ಲೇ ತೆಗೆದಿಡುತ್ತಾರೆ, ಸ್ಟೀಲಿನದು ತನ್ನಿ. ಮಗಳಿಗೆ ಒಂದು ದುರ್ಬೀನು ಎಲ್ಲಿಂದಲಾದರೂ ಎರವಲು ಸಿಕ್ಕರೆ ಒಳ್ಳೆಯದು. ಮನೆಯ ಮಾಳಿಗೆ ಮೇಲೆ ನಿಂತು ಕಾಗೆ, ಗಿಡುಗ ನೋಡುತ್ತಾ ನಾಲ್ಕು ದಿನ ಕೈ ಪಳಗಿಸಿಕೊಳ್ಳಲಿ. ವ್ಯಾನ್ ನಿಲ್ಲುವುದು ಅರ್ಧ ನಿಮಿಷ, ಅಷ್ಟರಲ್ಲಿ ಕಣ್ಣಿಗೆ ಸರಿಹೊಂದಿಸಿಕೊಳ್ಳಲು ಬರಬೇಕು.